ಎರಡು ತೂತಿನ ತಾಟು

ಭಾನುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ, ಉಪ್ಪಲ್‌ನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ, ಮೀನು ಸಾಕುವ ಗಾಜಿನ ತೊಟ್ಟಿಯೊಳಗೆ, 'ಶಾರದಾಬಾಯಿ' ಎಂಬ ಹೆಸರು ಗುಳ್ಳೆಗಳಲ್ಲಿ ಮೂಡಿತು.

ತೊಟ್ಟಿಯಲ್ಲಿ ಮೀನಿರಲಿಲ್ಲ. ಶಾರದಾಬಾಯಿ ಎಂದರೆ ಆ ಮನೆಯ ಯಜಮಾನ ಮಲ್ಲಿಕಾರ್ಜುನನ ಅತ್ತೆ. ಸಿಕಂದರಾಬಾದಿನಲ್ಲಿ ಕಿರಿಯ ಮಗಳ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಮುಂದಿನ ಭಾನುವಾರ ಅವರಿಗೆ ಎಂಬತ್ತು ತುಂಬುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವಾರ ಉಪ್ಪಲ್‌ನಲ್ಲಿ ಶಾರದಾಬಾಯಿಯವರ ಬಗ್ಗೆ ಹಬ್ಬಿದ ಸುದ್ದಿಗಳಲ್ಲಿ ಇವು ಮಾತ್ರ ನಿಜ.

ಹೆಸರು ಮೂಡಿದ್ದರ ಹಿಂದೆ ಯುಗಾದಿಯ ಊಟವಿತ್ತು. ಅಂದು ಸಿಕಂದರಾಬಾದಿನಲ್ಲಿ ಷಡ್ಡಕ ಆನಂದಕುಮಾರ ಹೋಳಿಗೆ ಮುರಿಯುತ್ತ ಜಲಜನಕದ ವಿಷಯ ತೆಗೆದಿದ್ದ. ಅವನು ಪಟಾನ್‌ಚೆರುವಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮ್ಯಾನೇಜರು. ತಾನು ಯಾವ ವಿಷಯ ತೆಗೆದರೂ ಅದು ಎದುರಿಗಿದ್ದವರಿಗೆ ತಿಳಿಯುವುದಿಲ್ಲ ಎಂಬ ಭರವಸೆ ಅವನಿಗೆ ಸದಾ ಇರುತ್ತಿತ್ತು. ನೀರಿನಲ್ಲಿ ಎರಡು ಲೋಹದ ತುಂಡು ಇಳಿಬಿಟ್ಟು ಕರೆಂಟು ಹರಿಸಿದರೆ ನೀರು ಒಡೆಯುತ್ತದೆ, ಒಂದರ ಮೇಲೆ ಜಲಜನಕ, ಇನ್ನೊಂದರ ಮೇಲೆ ಆಮ್ಲಜನಕ ಗುಳ್ಳೆಯಾಗಿ ಏಳುತ್ತವೆ ಎಂದು ವಿವರಿಸಿದ.

"ತುಂಡ್ಯಾಕ? ದೊಡ್ಡ ತಗಡ ಹಾಕಿದ್ರ ಜಾಸ್ತಿ ಗ್ಯಾಸ್ ಬರ್ತೈತಲ್ಲ," ಎಂದ ಮಲ್ಲಿಕಾರ್ಜುನ.

"ಅಣ್ಣಾರ, ಅದು ಅಷ್ಟು ಸರಳಿಲ್ರಿ. ನಿಮ್ಮದು ಇನ್ಶೂರೆನ್ಸ್ ಆಫೀಸು, ಇದು ಕೆಮಿಸ್ಟ್ರಿ. ಹೋಳಿಗಿ ತಗೋರಿ."

ವಿಮಾ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಮಲ್ಲಿಕಾರ್ಜುನ ಹೋಳಿಗೆ ಹಾಕಿಸಿಕೊಂಡ. ತುಪ್ಪ ಬೇಡವೆಂದ. ಅವನ ಸಿಟ್ಟು ಬಲ್ಲವರಿಗೆ ಅಷ್ಟು ಸಾಕಿತ್ತು.

"ಆನಂದಾ, ಅವ್ವಾರ ಎಂಬತ್ತರ ಕಾರ್ಯಕ್ರಮದಾಗ ನೀರಿನಿಂದ ಗ್ಯಾಸ್ ಮಾಡಿ, ಅದರ ಮ್ಯಾಲೆ ಚಹಾ ಕಾಸಿ, ಎಲ್ಲಾರ ಮುಂದ ನಿನಗ ಕುಡಸ್ತೀನಿ. ಕುಡೀಲಿಲ್ಲಂದ್ರ ಕೇಳು."

ಆಮೇಲೆ ಅವನು ಊಟದ ಹೊತ್ತಿಗೆ, ಬಸ್ಸಿನಲ್ಲಿ, ಮೆಟ್ರೋದಲ್ಲಿ ಫೋನಿನ ವಿಡಿಯೋಗಳನ್ನೇ ನೋಡಿದ. ಅವನ್ನು ನೋಡಿ ನೋಡಿ ಅವನಿಗೆ ಒಂದು ಮಾತು ಕೈವಶವಾಯಿತು: ಸರ್ಫೇಸ್ ಏರಿಯಾ. ನೀರಿಗೆ ತಾಗುವ ಲೋಹದ ಮೈ ವಿಶಾಲವಾದಷ್ಟೂ ಗುಳ್ಳೆಗೆ ಜಾಗ ಹೆಚ್ಚು. ಮೈ ನುಣುಪಾಗಿದ್ದರೆ ಪ್ರಯೋಜನವಿಲ್ಲ, ಒರಟಾಗಿರಬೇಕು. ಒರಟಿನ ತಗ್ಗುದಿನ್ನೆಗಳಲ್ಲಿ ವಿಸ್ತೀರ್ಣ ಅಡಗಿರುತ್ತದೆ. ತಗಡುಗಳು ಒಂದಕ್ಕೊಂದು ಹತ್ತಿರವಿರಬೇಕು, ಮುಟ್ಟಬಾರದು. ಇದೆಲ್ಲ ಸರಿಯಾದ ಮಾತೇ. ಆಫೀಸಿನ ಕ್ಯಾಂಟೀನಿನಲ್ಲಿ ಅವನು ಇದನ್ನು ಹಪ್ಪಳ ಹಿಡಿದು ವಿವರಿಸುತ್ತಿದ್ದ: ಸುಟ್ಟ ಹಪ್ಪಳಕ್ಕೆ ಗುಳ್ಳೆ ಎದ್ದಿರುವುದರಿಂದ ಅಷ್ಟೇ ಅಗಲದ ರೊಟ್ಟಿಗಿಂತ ಅದರ ಸರ್ಫೇಸ್ ಏರಿಯಾ ಹೆಚ್ಚು. ಕ್ರಮೇಣ ಅವನ ಮೇಜಿನಲ್ಲಿ ಕೂರುವವರು ಹಪ್ಪಳ ತರುವುದನ್ನು ಬಿಟ್ಟರು.

ವಿಶಾಲವಾದ ಸ್ಟೀಲು ಬೇಕಿತ್ತು. ಅದು ಅಟ್ಟದ ಮೇಲಿತ್ತು.

ಶಾರದಾಬಾಯಿಯವರು ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಒಬ್ಬೊಬ್ಬರಿಗೆ ಹನ್ನೆರಡು ಭಾರೀ ಸ್ಟೀಲಿನ ತಾಟು ಕೊಟ್ಟಿದ್ದರು. ಎಲ್ಲರೂ ಅಂಚಿನ ಮೇಲೆ ಹೆಸರು ಕೊರೆಸಿದರೆ ಅವರು ತಾಟಿನ ನಟ್ಟನಡುವೆ, ಹಣೆಯ ಬೊಟ್ಟಿನಷ್ಟು ಎತ್ತರದ ಅಕ್ಷರದಲ್ಲಿ, ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದರು. "ಅನ್ನ ತೀರಿದ ಕೂಡ್ಲೆ ಉಂಡವರಿಗೆ ನನ್ನ ಹೆಸರ ಕಾಣಬೇಕು," ಎಂಬುದು ಅವರ ಕಾರಣ. ಆದರೆ ಆ ಹೆಸರನ್ನು ಯಾರೂ ಕಂಡಿರಲಿಲ್ಲ. ಅಂಥ ಒಳ್ಳೆಯ ತಾಟಿನಲ್ಲಿ ಉಂಡರೆ ಹಾಳಾಗುತ್ತವೆಂದು ಇಬ್ಬರು ಹೆಣ್ಣುಮಕ್ಕಳೂ ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮದುವೆಯಾದ ವಾರವೇ ಅಟ್ಟಕ್ಕೇರಿಸಿದ್ದರು.

ಮಲ್ಲಿಕಾರ್ಜುನ ಹೆಂಡತಿಯ ಹನ್ನೆರಡು ತಾಟು ಇಳಿಸಿದ. ಉಪ್ಪಲ್‌ನ ವೆಲ್ಡಿಂಗ್ ಅಂಗಡಿಯಲ್ಲಿ ಅವುಗಳ ಅಂಚು ತೆಗೆಸಿ ಬಿಲ್ಲೆ ಮಾಡಿಸಿದ. ನಡುವೆ ಒಂದು ತೂತು ಕೊರೆಸಿ ಒಂದೇ ಬೋಲ್ಟಿಗೆ ಹನ್ನೆರಡನ್ನೂ ಪೋಣಿಸಿದ್ದರೆ ಎರಡೂ ತಂತಿ ಒಂದಕ್ಕೊಂದು ಸೇರಿ, ಕರೆಂಟು ಕೊಡುವ ಮೊಬೈಲ್ ಚಾರ್ಜರು ಸುಡುತ್ತಿತ್ತು. ಇದು ಅವನಿಗೆ ಮೊದಲೇ ಗೊತ್ತಿತ್ತು. ಪಕ್ಕದ ಫ್ಲ್ಯಾಟಿನಿಂದ ಎರವಲು ತಂದ ಎರಡು ಪಾತ್ರೆ ಮುಚ್ಚಳಗಳ ಮೇಲೆ ಪ್ರಯೋಗ ಮಾಡಿ ಒಂದು ಚಾರ್ಜರು ಸುಟ್ಟಿದ್ದ. ಹಾಗಾಗಿ ಹೆಸರಿನ ಎಡಕ್ಕೊಂದು, ಬಲಕ್ಕೊಂದು, ಎರಡು ತೂತು. ಒಂದು ಬಿಟ್ಟು ಒಂದು ಬಿಲ್ಲೆ ಒಂದು ಬೋಲ್ಟಿಗೆ, ಉಳಿದವು ಇನ್ನೊಂದಕ್ಕೆ, ನಡುನಡುವೆ ರಬ್ಬರು. ಕೆಲಸ ಮುಗಿದಾಗ ಒಂದೊಂದು ತಾಟೂ ರಾಕ್ಷಸನ ಅಂಗಿಯ ಗುಂಡಿಯ ಹಾಗೆ ಕಾಣುತ್ತಿತ್ತು.

ಹೆಂಡತಿ ಕೃಷ್ಣಾಬಾಯಿ ತಾಯಿಯ ಕಾರ್ಯಕ್ರಮದ ತಯಾರಿಗೆಂದು ಸಿಕಂದರಾಬಾದಿಗೆ ಹೊರಟ ದಿನ ಅಟ್ಟ ನೋಡಿದ್ದಳು.

"ಅವ್ವ ಈ ಸಲ ಹನ್ನೆರಡು ಮಂದಿ ಮುತ್ತೈದೇರಿಗೆ ತಾ ನನಗ ಕೊಟ್ಟ ತಾಟಿನಾಗ ಬಡಸಬೇಕು ಅಂತಾಳ. ಎಲ್ಲ್ಯದಾವ ತಾಟು?"

"ಪಾಲಿಶ್‌ಗೆ ಕೊಟ್ಟೀನಿ," ಎಂದ ಮಲ್ಲಿಕಾರ್ಜುನ.

ಕೃಷ್ಣಾಬಾಯಿಗೆ ಕಣ್ಣು ತುಂಬಿ ಬಂತು. ಹೇಳದೆ ಕೇಳದೆ ಅತ್ತೆಯ ತಾಟಿಗೆ ಪಾಲಿಶ್ ಮಾಡಿಸುವ ಗಂಡ ಯಾರಿಗುಂಟು ಎಂದು ತಂಗಿ ಮೃಣಾಲಿನಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಬೇಗಂ ಬಜಾರಿನಲ್ಲಿ ಅಂಥವೇ ಹನ್ನೆರಡು ಕೊಂಡು ಹೆಸರು ಕೊರೆಸಿದರಾಯಿತು ಎಂದುಕೊಂಡು ಮಲ್ಲಿಕಾರ್ಜುನ ನಿಶ್ಚಿಂತನಾಗಿದ್ದ. ಬೇಗಂ ಬಜಾರಿನ ಅಂಗಡಿಯವನು ಶನಿವಾರ ಅವನು ತೋರಿಸಿದ ಅಂಚಿನ ಚೂರನ್ನು ಕೈಯಲ್ಲಿ ತೂಗಿ, ಇಷ್ಟು ದಪ್ಪ ಸ್ಟೀಲು ತನ್ನ ತಂದೆಯ ಕಾಲಕ್ಕೇ ನಿಂತಿತು ಎಂದ. ಮಲ್ಲಿಕಾರ್ಜುನ ಆಗಲೂ ಎದೆಗುಂದಲಿಲ್ಲ. ಚಹಾ ಕಾದರೆ ಎಲ್ಲವೂ ಕ್ಷಮೆಯಾಗುತ್ತದೆ ಎಂಬುದು ಅವನ ನಂಬಿಕೆ.

ಹೀಗೆ ಆ ಭಾನುವಾರ ಅವನು ಬಿಲ್ಲೆಗಳನ್ನು ತೊಟ್ಟಿಯಲ್ಲಿ ನಿಲ್ಲಿಸಿ, ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ಪರೀಕ್ಷೆಗೆಂದು ಮೊಬೈಲಿನ ಸಣ್ಣ ಚಾರ್ಜರು ಜೋಡಿಸಿದ. ಬಿಲ್ಲೆ ದೊಡ್ಡದು, ಕರೆಂಟು ಚಿಕ್ಕದು. ಇಡೀ ಮೈಯಲ್ಲಿ ಗುಳ್ಳೆ ಎಬ್ಬಿಸುವ ಶಕ್ತಿ ಅದಕ್ಕಿರಲಿಲ್ಲ. ಎದುರಿನ ಬಿಲ್ಲೆಯಲ್ಲಿ ಎಲ್ಲಿ ಕೊರೆದ ಚುಕ್ಕೆಯ ಗುಂಡಿಗಳಿದ್ದವೋ ಅಲ್ಲಿ ಮಾತ್ರ ಗುಳ್ಳೆ ಹುಟ್ಟಿ, ಅಂಟಿಕೊಂಡು, ಬೆಳ್ಳಗೆ ಹೊಳೆದವು. ಮುತ್ತಿನಲ್ಲಿ ಬರೆದ ಹಾಗೆ ಅತ್ತೆಯ ಹೆಸರು ಕಂಡಿತು. ಕೊನೆಯ 'ಯಿ' ಮಾತ್ರ ತುಸು ಕೆಳಗೆ ಜಾರಿತ್ತು.

ಅದೇ ಹೊತ್ತಿಗೆ ಎದುರು ಫ್ಲ್ಯಾಟಿನ ಕಮಲಾಕ್ಷಿ ಡಬ್ಬಿಯಲ್ಲಿ ಮಂಡಕ್ಕಿಯ ಸುಸಲಾ ಹಿಡಿದು ಬಂದಳು.

"ಅಣ್ಣಾರ, ಅಕ್ಕಾರು ಇಲ್ಲಂತ ನಿಮಗ ನಾಷ್ಟಾ... ಅಯ್ಯ ಶಿವನ! ನೀರಾಗ ಹೆಸರ ಬರ್ದೈತ್ರಿ!"

"ಅದು ಹೆಸರಲ್ರಿ ತಂಗಿ, ಗುಳ್ಳಿ."

"ಗುಳ್ಳ್ಯಾಗ ಹೆಸರು! ಶಾರದಾಬಾಯಿ! ನಿಮ್ಮ ಅತ್ತಿಯವರಲ್ಲೇನ್ರಿ?"

"ಇದು ಸರ್ಫೇಸ್ ಏರಿಯಾರಿ. ಎಲ್ಲಿ ಮೈ ಒರಟ ಇರ್ತೈತಿ ಅಲ್ಲಿ ಗುಳ್ಳಿ ಹುಟ್ತಾವ."

ಕಮಲಾಕ್ಷಿ ಡಬ್ಬಿ ಕೆಳಗಿಟ್ಟಳು. "ಸರ್ಫೇಸ್ ಏರಿಯಾಕ್ಕ ನಿಮ್ಮ ಅತ್ತೀ ಹೆಸರ ಹೆಂಗ ಗೊತ್ತಾತ್ರಿ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ. ಅದು ಅತ್ತೆಯ ತಾಟು. ಆದರೆ ಕಮಲಾಕ್ಷಿಗೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದೊಳಗೆ ಕೃಷ್ಣಾಬಾಯಿಯ ಕಿವಿಗೆ ಮುಟ್ಟುತ್ತಿತ್ತು. ಮಲ್ಲಿಕಾರ್ಜುನ ಚಾರ್ಜರಿನ ತಂತಿ ಸರಿಮಾಡಿದ.

"ಅದು... ವಿಜ್ಞಾನಕ್ಕೂ ಪೂರ್ತಿ ತಿಳಿದಿಲ್ರಿ."

ವಿಜ್ಞಾನಕ್ಕೆ ತಿಳಿಯದಿದ್ದದ್ದು ಕಮಲಾಕ್ಷಿಗೆ ತಕ್ಷಣ ತಿಳಿಯಿತು. ಅವಳು ಚಪ್ಪಲಿ ಬಿಟ್ಟು, ಸೆರಗು ಹೊದ್ದು, "ಊದಿನಕಡ್ಡಿ ಎಲ್ಲಿಟ್ಟಾರ ಅಕ್ಕಾರು?" ಎಂದಳು.

"ಊದಿನಕಡ್ಡಿ ಬ್ಯಾಡ್ರಿ! ಇದು ಉರಿಯೂ ಗ್ಯಾಸ್!"

"ಉರಿಯೂದೇನು?" ಕಮಲಾಕ್ಷಿ ಎರಡೂ ಕೈ ಎತ್ತಿ ಮುಗಿದಳು. "ಜ್ಯೋತಿನೂ ಬರ್ತೈತಿ ಅನ್ರಿ!"

ಹತ್ತು ಗಂಟೆಗೆ ವಾಚ್‌ಮನ್ ಯಾದಗಿರಿ ಬಂದು ನೋಡಿದ. ಅವನು ಓದಿದ್ದು ತೆಲುಗು. ಆದರೆ ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರ ಅರ್ಧ ನೆಂಟರೇ. ಅವನು ಬೆರಳು ಹಿಡಿದು ಓದಿಕೊಂಡು, "ನೀಳ್ಳಲ್ಲೋ ಅಮ್ಮಗಾರಿ ಪೇರು ವಚ್ಚಿಂದಿ!" ಎಂದು ಕೂಗುತ್ತ ಮೆಟ್ಟಿಲಿಳಿದ. ನೀರಿನಲ್ಲಿ ಅಮ್ಮನವರ ಹೆಸರು ಬಂದಿದೆ ಎಂಬುದು ನೆಲಮಹಡಿಗೆ ಮುಟ್ಟುವ ಹೊತ್ತಿಗೆ ಶಾರದಾಬಾಯಿ ಕಲ್ಯಾಣ ಕರ್ನಾಟಕದ ಕಡೆಯ ಮಹಾತಾಯಿ ಆಗಿದ್ದರು. ಊಟದ ಹೊತ್ತಿಗೆ ನೋಡಬಂದವರ ಚಪ್ಪಲಿಗಳು ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿದವು.

ಸಂಜೆ ಅಸೋಸಿಯೇಷನ್ ಅಧ್ಯಕ್ಷ ಸೂರ್ಯಕಾಂತರು ಬಂದರು. ಉಪ ತಹಸೀಲ್ದಾರರಾಗಿ ನಿವೃತ್ತರಾದವರು. ನಿಂತಿದ್ದರೂ ಕುರ್ಚಿಯಲ್ಲಿ ಕೂತ ಹಾಗೆ ಮಾತಾಡುತ್ತಿದ್ದರು.

"ಮಲ್ಲಿಕಾರ್ಜುನ ಅವರ, ಬಾಲ್ಕನ್ಯಾಗ ಗ್ಯಾಸ್ ತಯಾರ ಮಾಡಾಕ ಪರವಾನಗಿ ಐತೇನ್ರಿ?"

"ದೇವರು ಬರಾಕ ಪರವಾನಗಿ ಬೇಕೇನ್ರಿ ಸಾಹೇಬ್ರ?" ಎಂದಳು ಕಮಲಾಕ್ಷಿ.

"ನೀವು ನಡುವ ಬರಬ್ಯಾಡ್ರಿ. ಇದು ವಿಚಾರಣೆ."

ಮಲ್ಲಿಕಾರ್ಜುನನಿಗೆ ಸಂತೋಷವಾಯಿತು. ಓದಿಕೊಂಡವರೊಬ್ಬರು ಕಡೆಗೂ ಬಂದರು. "ನೋಡ್ರಿ ಸಾಹೇಬ್ರ, ಇದರಾಗ ಪವಾಡ ಏನೂ ಇಲ್ಲ. ಈಗ ಸಿದ್ಧ ಮಾಡಿ ತೋರಸ್ತೀನಿ," ಎಂದು ಸಣ್ಣ ಚಾರ್ಜರು ಕಿತ್ತು ಇನ್ವರ್ಟರಿನ ಬ್ಯಾಟರಿಯ ತಂತಿ ಜೋಡಿಸಿದ. ತೊಟ್ಟಿ ಸೋಡಾ ಬಾಟಲಿಯ ಹಾಗೆ ಭುಸುಗುಟ್ಟಿತು. ಬಿಲ್ಲೆಗಳ ಮೈತುಂಬ ಗುಳ್ಳೆ ಎದ್ದು ನೀರು ಹಾಲಾಯಿತು. ಆ ಹಾಲಿನಲ್ಲಿ ಹೆಸರು ಮುಚ್ಚಿಹೋಯಿತು.

"ಅಮ್ಮಗಾರು ವೆಳ್ಳಿಪೋಯಾರು!" ಎಂದು ಯಾದಗಿರಿ ಎದೆ ಹೊಡೆದುಕೊಂಡ. ಅಮ್ಮ ಹೊರಟುಹೋದರು! ಬಾಲ್ಕನಿಯಲ್ಲಿ ಗದ್ದಲವೆದ್ದಿತು. ನಾಲ್ಕನೆಯ ಮಹಡಿಯ ಮುದುಕಿಯೊಬ್ಬಳು ಮಲ್ಲಿಕಾರ್ಜುನನ ತೋಳು ಹಿಡಿದು, ಬಂದ ದೇವರನ್ನು ಬ್ಯಾಟರಿ ಹಚ್ಚಿ ಓಡಿಸಿದ ಪಾಪ ಯಾರಿಗೆ ತಟ್ಟುತ್ತದೆ ಎಂದು ತೆಲುಗಿನಲ್ಲಿ ಕೇಳಿದಳು. ಗಾಬರಿಯಾಗಿ ಅವನು ಬ್ಯಾಟರಿ ತೆಗೆದು ಮತ್ತೆ ಮೊಬೈಲ್ ಚಾರ್ಜರು ಹಾಕಿದ. ನೀರು ತಿಳಿಯಾಯಿತು. 'ಶಾ' ಮೂಡಿತು. 'ರ' ಮೂಡಿತು. ಉಳಿದ ಅಕ್ಷರಗಳು ಒಂದರ ಹಿಂದೊಂದು ನಿಧಾನವಾಗಿ ಬಂದವು.

ಸೂರ್ಯಕಾಂತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಿದ್ಧ ಆತು," ಎಂದರು.

"ಸರ್ಫೇಸ್ ಏರಿಯಾ ಅಲ್ಲೇನ್ರಿ?"

"ಅಮ್ಮಾವ್ರು ಸಿಟ್ಟಾಗಿ ಹೋದ್ರು, ಶಾಂತ ಮಾಡಿದ ಕೂಡ್ಲೆ ಬಂದ್ರು. ಅವರಿಗೆ ಜಾಸ್ತಿ ಕರೆಂಟ್ ಸೇರಂಗಿಲ್ಲ. ನಾ ಸಾಕ್ಷಿ."

ಮಲ್ಲಿಕಾರ್ಜುನ ಕಪಾಟಿನಿಂದ ಉಜ್ಜುಕಾಗದ ತಂದ. "ಹಂಗಲ್ರಿ. ಇದರಿಂದ ತಿಕ್ಕಿ ಎಲ್ಲಾ ಕಡೆ ಒರಟ ಮಾಡಿದ್ರ ಸಣ್ಣ ಕರೆಂಟಿಗೂ ಎಲ್ಲಾ ಕಡೆ ಗುಳ್ಳಿ ಬರ್ತಾವ. ಹೆಸರ ಕಾಣಂಗಿಲ್ಲ. ಆಗ ನೀವ..."

"ಹೆಸರ ತಿಕ್ಕತೀರಾ?" ಕಮಲಾಕ್ಷಿಯ ದನಿ ಬೀದಿಗೆ ಕೇಳಿಸಿತು.

ಅಧ್ಯಕ್ಷರು ಕೈ ಚಾಚಿ ಉಜ್ಜುಕಾಗದವನ್ನು ವಶಪಡಿಸಿಕೊಂಡರು. ಮುಂದಿನ ಆದೇಶದವರೆಗೆ ತೊಟ್ಟಿ, ನೀರು, ಹೆಸರು ಇವು ಇದ್ದಂತೆ ಇರತಕ್ಕದ್ದು ಎಂದು ಬಾಯಿಮಾತಿನಲ್ಲಿ ಹುಕುಂ ಹೊರಡಿಸಿದರು. ಒಂದು ಮೇಲ್ಮೈ ಒರಟಾಗದಂತೆ ಕಾಯಲು ಆ ರಾತ್ರಿಯಿಂದ ಕಾವಲು ಬಿತ್ತು.

ಬುಧವಾರ ಆನಂದಕುಮಾರನ ಫೋನು ಬಂತು.

"ಅಣ್ಣಾರ, ಏನ್ ಮಾಡೀರಿ ನೀವು? ನನ್ನ ಮನ್ಯಾಗ ಕಾಲಿಡಾಕ ಜಾಗ ಇಲ್ರಿ. ಉಪ್ಪಲ್‌ನಿಂದ ಮಂದಿ ಬಂದು ಅವ್ವಾರ ಕಾಲ ಹಿಡ್ಯಾಕತ್ತಾರ!"

"ಅವ್ವಾರು ಏನಂತಾರ?"

"ಅವರೇನಂತಾರ! ಎಂಬತ್ತ ತುಂಬತಾವ ಅಂತ ಬಂದಾರ ಅನ್ಕೊಂಡಾರ. ಎಲ್ಲಾರಿಗೂ ಆಶೀರ್ವಾದ ಮಾಡಿ, 'ಭಾನುವಾರ ಊಟಕ್ಕ ಬರ್ರಿ' ಅನ್ನಾಕತ್ತಾರ. ನೂರಾ ಐವತ್ತ ಮಂದಿಗೆ ಹೇಳೀನಿ ಕೇಟರಿಂಗ್‌ನವಗ. ಇವರು ಉಪ್ಪಲ್ ಪೂರಾ ಕರದಾರ!"

ಆನಂದಕುಮಾರ ಉಸಿರು ತೆಗೆದುಕೊಂಡ. "ಇನ್ನೊಂದು ಕೇಳ್ರಿ. ನಿನ್ನಿ ಒಬ್ಬಾಕಿ ನೀರಾಗ ಹೆಸರ ಬಂದದ್ದೂ ಹೇಳಿಬಿಟ್ಲು. ಅವ್ವಾರು ಒಂದ ಪ್ರಶ್ನೆ ಕೇಳಿದ್ರು: 'ಕಡೀ ಅಕ್ಷರ ಕೆಳಗ ಜಾರೈತೇನು?' ಅಂತ. ಆಕಿ ಹೌದಂದ್ಲು. ಅಷ್ಟಕ್ಕ ಅವ್ವಾರು, ಕಾರ್ಯಕ್ರಮ ಹಾಲ್‌ನ್ಯಾಗ ಬ್ಯಾಡ, ಉಪ್ಪಲ್‌ನ್ಯಾಗ ಮಾಡೂಣು ಅಂದಾರ."

ಹಿಂದೆಯೇ ಕೃಷ್ಣಾಬಾಯಿ ಫೋನು ಕಸಿದುಕೊಂಡಳು. "ಏನ್ರೀ, ಅಲ್ಲೇ ಆತಲ್ಲ, ಛಲೋ ಆತು. ತಾಟು ಪಾಲಿಶ್ ಆಗಿ ಬಂದಾವ?"

"ಕೆಲಸ ನಡದೈತಿ," ಎಂದ ಮಲ್ಲಿಕಾರ್ಜುನ. ಅದು ಸುಳ್ಳಲ್ಲ.

ಭಾನುವಾರ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಕಾರುಗಳನ್ನು ಹೊರಗೆ ದಬ್ಬಿ ಶಾಮಿಯಾನ ಕಟ್ಟಿದರು. ಯಾದಗಿರಿ ಮತ್ತು ಇನ್ನು ಮೂವರು ತೊಟ್ಟಿಯನ್ನು ಚಾರ್ಜರು ಸಮೇತ ಲಿಫ್ಟಿನಲ್ಲಿ ಇಳಿಸಿ, ಹೂವಿನ ಸರ ಸುತ್ತಿ, ವೇದಿಕೆಯ ಮೇಲಿಟ್ಟರು. ಪಕ್ಕದಲ್ಲಿ ಮಲ್ಲಿಕಾರ್ಜುನ ತನ್ನ ಉಳಿದ ಸಾಮಾನು ಜೋಡಿಸಿಕೊಂಡ: ಅಂಚಿಗೆ ರಬ್ಬರು ಹಚ್ಚಿದ ಗಾಜಿನ ಮುಚ್ಚಳ, ಅದರ ಮೇಲಿಡಲು ಎರಡು ಇಟ್ಟಿಗೆ, ಗ್ಯಾಸು ಹಾದುಹೋಗಲು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ನಳಿಗೆಯ ತುದಿಗೆ ಇಂಜೆಕ್ಷನ್ ಸೂಜಿ, ಬ್ಯಾಟರಿ, ಸ್ಟೀಲಿನ ಲೋಟದಲ್ಲಿ ಎರಡು ಗುಟುಕು ತಣ್ಣನೆಯ ಚಹಾ. ಹನ್ನೆರಡು ಮುತ್ತೈದೆಯರು ಮಣೆಯ ಮೇಲೆ ಕೂತಿದ್ದರು. ಅವರ ಮುಂದೆ ರಂಗೋಲಿ ಇತ್ತು. ತಾಟು ಇರಲಿಲ್ಲ.

"ಎಲ್ರೀ ತಾಟು?" ಕೃಷ್ಣಾಬಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಇಲ್ಲೇ ಅದಾವ."

"ಇಲ್ಲೇ ಅಂದ್ರ ಎಲ್ಲಿ?"

ಅಷ್ಟರಲ್ಲಿ ಶಾರದಾಬಾಯಿಯವರು ಬಂದರು. ಇಳಕಲ್ ಸೀರೆ, ಕೈಯಲ್ಲಿ ಕೋಲು. ಕೋಲು ಊರುತ್ತಿರಲಿಲ್ಲ, ತೋರಿಸುತ್ತಿದ್ದರು. ಜನ ಎದ್ದು ಕೈಮುಗಿದರು. ಅವರು ಯಾರನ್ನೂ ನೋಡದೆ ನೇರ ತೊಟ್ಟಿಯ ಮುಂದೆ ಹೋಗಿ, ಬಾಗಿ, ತಮ್ಮ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಕೊರ್ಯಾಂವ ಕಡೀ ಅಕ್ಷರಕ್ಕ ಬರೂದ್ರಾಗ ತೂಕಡಿಸಿದ್ದ," ಎಂದರು. "ಕಲಬುರಗಿ ಬಜಾರದಾಗ. ನಾನ ಬಾಜೂಕ ನಿಂತು ಬೈದೀನಿ. ತಗೀರಿ ಅದನ್ನ ಹೊರಗ."

ಸೂರ್ಯಕಾಂತರು, "ತಾಯಿ, ಯಥಾಸ್ಥಿತಿ ಆದೇಶ ಐತ್ರಿ..." ಎಂದರು. ಕೋಲು ಅವರ ಕಡೆ ತಿರುಗಿತು. ಆದೇಶ ತೆರವಾಯಿತು.

ಮಲ್ಲಿಕಾರ್ಜುನ ಚಾರ್ಜರು ಕಿತ್ತು, ನಟ್ಟು ಬಿಚ್ಚಿ, ಎದುರಿನ ಬಿಲ್ಲೆಯನ್ನು ನೀರಿನಿಂದೆತ್ತಿ, ಒರೆಸಿ, ಎರಡೂ ಕೈಯಲ್ಲಿ ಒಪ್ಪಿಸಿದ. ಶಾರದಾಬಾಯಿಯವರು ಅದನ್ನು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮುಖದ ಮುಂದೆ ಹಿಡಿದರು. ಎರಡು ತೂತಿನಲ್ಲಿ ಅವರ ಎರಡು ಕಣ್ಣು ಬಂದು ನಿಂತವು. ಆ ಕಣ್ಣುಗಳು ಮೊದಲು ದೊಡ್ಡ ಅಳಿಯನನ್ನು ನೋಡಿದವು, ನಂತರ ದೊಡ್ಡ ಮಗಳನ್ನು.

"ಪಾಲಿಶ್ ಭಾಳ ಛಂದ ಮಾಡ್ಯಾರ," ಎಂದಳು ಕೃಷ್ಣಾಬಾಯಿ. ಮದುವೆಯಾದ ಮೇಲೆ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಮಲ್ಲಿಕಾರ್ಜುನನಿಗೆ ನೆನಪಿರಲಿಲ್ಲ. ಅವನಿಗೆ ಮೊದಲ ಬಾರಿ ಭಯವಾಯಿತು.

"ಹೌದ್ರಿ ಅವ್ವಾರ," ಎಂದ. "ನಿಮ್ಮ ತಾಟ ಇವು. ಹನ್ನೆರಡೂ ಇಲ್ಲೇ ಅದಾವ. ದೇವರಲ್ಲ ಪವಾಡಲ್ಲ. ನೀವು ಕೊರಸಿದ ಚುಕ್ಕಿ ಒರಟ ಅದಾವ, ಅದಕ್ಕ ಅಲ್ಲಿ ಗುಳ್ಳಿ ಬರ್ತಾವ. ನಾ ಕೇಳಬೇಕಿತ್ತು. ಕೇಳಿದ್ರ ಕೃಷ್ಣಾ ಕೊಡ್ತಿರಲಿಲ್ಲ."

ಕಮಲಾಕ್ಷಿ ಹೂವಿನ ಸರ ಹಿಡಿದು ಹಾಗೇ ನಿಂತಳು. ಮೃಣಾಲಿನಿ ಎದ್ದಳು. "ಎಂಥಾ ತಾಟು! ಇಂಥಾ ಮಾಲ್ ಈಗ ಸಿಗತೈತೇನ? ನಾವು ಹೆಂಗ ಜೋಪಾನ ಮಾಡೀವಿ, ಇನ್ನೂ ಪೇಪರ್ ಬಿಚ್ಚಿಲ್ಲ!"

ಶಾರದಾಬಾಯಿಯವರು ತಾಟನ್ನು ಮುಖದಿಂದ ಇಳಿಸಿದರು.

"ಏನಂದಿ? ಪೇಪರ್ ಬಿಚ್ಚಿಲ್ಲ?"

ಮೃಣಾಲಿನಿ ಕೂತಳು.

"ನಾ ಉಣ್ಣಾಕ ಕೊಟ್ಟೆ. ನೀವು ಇಬ್ಬರೂ ಅಟ್ಟಕ್ಕ ಏರಿಸಿದ್ರಿ. ಎಷ್ಟು ಲಗ್ನ ಆದ್ವು, ಎಷ್ಟು ಬಸರೇರ ಕುಪ್ಪಸ ಆದ್ವು, ಒಂದಿನ ಒಬ್ಬರು ನನ್ನ ಹೆಸರ ಕಾಣೂತನಕ ಉಂಡ್ರೇನು? ಅದಕ್ಕ ಈ ಸಲ ಬಾಯಿಬಿಟ್ಟು ಕೇಳೀನಿ, ನನ್ನ ತಾಟಿನಾಗ ಬಡಸ್ರಿ ಅಂತ." ಅವರು ಕೋಲಿನಿಂದ ಮಲ್ಲಿಕಾರ್ಜುನನನ್ನು ತೋರಿಸಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಈ ದೊಡ್ಡ ಅಳಿಯಾರು ತೂತ ಹಾಕ್ಯಾರ, ಅಂಚ ಕತ್ತರಿಸ್ಯಾರ, ಹೆಂಡ್ತಿಗೆ ಸುಳ್ಳೂ ಹೇಳ್ಯಾರ. ಆದ್ರ ಇಳಿಸಿ ಕೆಲಸಕ್ಕ ಹಚ್ಚಿದವರು ಇವರೊಬ್ಬರ. ಉಪ್ಪಲ್ ಮಂದಿ ಪೂರಾ ನನ್ನ ಹೆಸರ ಓದ್ಯಾರ." ಆಮೇಲೆ ದನಿ ಇಳಿಸಿ ಕೇಳಿದರು: "ಇದರ ಮ್ಯಾಲೆ ಚಹಾ ಕಾಸ್ತೀನಿ ಅಂದಿದ್ರಲ್ಲ, ಎಲ್ಲೈತಿ?"

"ಉಜ್ಜುಕಾಗದ ಬೇಕ್ರಿ ಅವ್ವಾರ. ಆದ್ರ ಹೆಸರಿನ ಮ್ಯಾಲೆ ತಿಕ್ಕಬೇಕಾಗತೈತಿ."

"ಬ್ಯಾಡ್ರಿ ತಾಯಿ! ಹೆಸರ ಹೊಕ್ಕೈತ್ರಿ!" ಎಂದು ಕಮಲಾಕ್ಷಿ ಕೂಗಿದಳು.

"ಹೆಸರ ಹೋದ್ರ ನಾ ಏನ್ ಹೊಕ್ಕೀನೇನು? ಇಲ್ಲೇ ನಿಂತೀನಿ. ತಿಕ್ಕರಿ."

ಸೂರ್ಯಕಾಂತರು ಕೋಟಿನ ಕಿಸೆಯಿಂದ ವಶಪಡಿಸಿಕೊಂಡ ಕಾಗದ ತೆಗೆದುಕೊಟ್ಟರು. ಮಲ್ಲಿಕಾರ್ಜುನ ತಿಕ್ಕಿದ. ಅಡ್ಡ ತಿಕ್ಕಿದ, ಉದ್ದ ತಿಕ್ಕಿದ. ಹೊಳಪು ಹೋಗಿ ಬಿಲ್ಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹೆಸರು ಅಳಿಸಲಿಲ್ಲ, ಸುತ್ತಲಿನದೆಲ್ಲ ಹೆಸರಿನಷ್ಟೇ ಒರಟಾಯಿತು. ಹನ್ನೆರಡನ್ನೂ ತಿಕ್ಕಿ ಮುಗಿಸುವ ಹೊತ್ತಿಗೆ ಮುತ್ತೈದೆಯರಲ್ಲಿ ಇಬ್ಬರು ಮಣೆಯಿಂದ ಎದ್ದು ಬಂದು ಕೈ ಹಚ್ಚಿದ್ದರು. ಪಾತ್ರೆ ತಿಕ್ಕುವುದನ್ನು ನೋಡುತ್ತ ಕೂರುವ ಅಭ್ಯಾಸ ಅವರಿಗಿರಲಿಲ್ಲ.

ಬಿಲ್ಲೆಗಳು ನೀರಿಗಿಳಿದವು. ಮುಚ್ಚಳ ಬಿತ್ತು, ಇಟ್ಟಿಗೆ ಕೂತವು. ಆನಂದಕುಮಾರ ಮ್ಯಾನೇಜರಿನ ದನಿಯಲ್ಲಿ, "ಎಲ್ಲಾರೂ ಹಿಂದ ಸರೀರಿ, ಎರಡೂ ಗ್ಯಾಸ್ ಕೂಡಿದ್ರ ಹೊಡೀತೈತಿ," ಎಂದು ಜನರನ್ನು ಕಂಬದಾಚೆಗೆ ದಬ್ಬಿದ. ಬ್ಯಾಟರಿ ಜೋಡಿಸಿದ ಕೂಡಲೇ ತೊಟ್ಟಿ ಭುಸುಗುಟ್ಟಿತು, ಬಾಟಲಿಯಲ್ಲಿ ನೀರು ಗುಡುಗುಡು ಎಂದಿತು. ಮಲ್ಲಿಕಾರ್ಜುನ ಉದ್ದನೆಯ ಲೈಟರನ್ನು ಸೂಜಿಯ ತುದಿಗೆ ಹಿಡಿದ. ಭತ್ತದ ಕಾಳಿನಷ್ಟು ದೊಡ್ಡ, ಕಂಡೂ ಕಾಣದ ಒಂದು ಉರಿ ನಿಂತಿತು.

ಅವನು ಅದರ ಮೇಲೆ ಲೋಟ ಹಿಡಿದ. ಜನ ಕಾದರು. ಅಡುಗೆಯವರು ಬಂದು ನಿಂತರು. ಯಾದಗಿರಿ ಕೂತ. ಕೇಟರಿಂಗಿನವನು ಅನ್ನ ಆರುತ್ತಿದೆ ಎಂದು ಒಮ್ಮೆ, ಆರಿತು ಎಂದು ಒಮ್ಮೆ ಹೇಳಿ ಹೋದ. ಕಡೆಗೆ ಬ್ಯಾಟರಿಯ ತಂತಿ ಸಡಿಲವಾಗಿ ಗ್ಯಾಸು ಕಡಿಮೆಯಾಯಿತು, ಉರಿ ನಳಿಗೆಯೊಳಗೆ ಹಿಂದಕ್ಕೆ ಓಡಿತು, ಬಾಟಲಿ 'ಫಟ್' ಎಂದಿತು. ಬಾಟಲಿಯ ಮುಚ್ಚಳ ಹಾರಿ ಸೂರ್ಯಕಾಂತರ ತಲೆಯ ಪಟಗಾದ ಮಡಿಕೆಯಲ್ಲಿ ಹೋಗಿ ಕೂತಿತು. ಬಾಟಲಿಯ ನೀರು ಉರಿಯನ್ನು ಅಲ್ಲಿಗೇ ನಿಲ್ಲಿಸಿತು; ಅದು ಇದ್ದದ್ದೇ ಅದಕ್ಕೆ.

ಶಾರದಾಬಾಯಿಯವರು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಇನ್ನೊಂದನ್ನು ಆನಂದಕುಮಾರನ ಮುಂದೆ ಹಿಡಿದರು. ಅವನು ಕುಡಿದ.

"ಹೆಂಗೈತಿ ಸಣ್ಣ ಅಳಿಯಾರ?"

"ಬೆಚ್ಚಗೈತ್ರಿ," ಎಂದ ಆನಂದಕುಮಾರ. ಅವನು ಖರೆ ಮಾತಿನ ಮನುಷ್ಯ.

"ಬೆಚ್ಚಗ ಯಾಕ? ಕುದೀಬೇಕಲ್ಲ?"

ಮಲ್ಲಿಕಾರ್ಜುನನಿಗೆ ಹೋದ ಧೈರ್ಯ ಪೂರ್ತಿ ಮರಳಿತು. "ಸರ್ಫೇಸ್ ಏರಿಯಾ ಸಾಲಲಿಲ್ರಿ ಅವ್ವಾರ. ಇದರ ಎರಡಪಟ್ಟ ಇದ್ರ ಕುದೀತಿತ್ತು."

"ಅಲ್ರಿ ಅಣ್ಣಾರ!" ಆನಂದಕುಮಾರ ತಲೆ ಹಿಡಿದುಕೊಂಡ. "ಕೊರತಿ ತಾಟಿಂದಲ್ಲ, ಕರೆಂಟಿಂದು. ಬ್ಯಾಟರಿ ಕೊಡೂದ ಅಷ್ಟು. ಇನ್ನ ಹನ್ನೆರಡು ಹಾಕಿದ್ರ ಗುಲಗಂಜಿಯಷ್ಟು ಫರಕ ಬೀಳತೈತಿ, ಬಿದ್ರ!"

ಅವನು ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ಹೇಳಿದ ಹೊತ್ತು ಸರಿಯಿರಲಿಲ್ಲ. ಶಾರದಾಬಾಯಿಯವರು ಅವನನ್ನೂ ಮೃಣಾಲಿನಿಯನ್ನೂ ಒಟ್ಟಿಗೆ ನೋಡಿದರು.

"ಅಟ್ಟದ ತಾಟು ಕೊಡಾಕ ಮನಸಿಲ್ಲ ಅಂತ ಅನ್ರಿ. ಕೆಮಿಸ್ಟ್ರಿ ಯಾಕ ಹೇಳತೀರಿ?"

ಮುತ್ತೈದೆಯರು ಅಂದು ಮುತ್ತುಗದ ಎಲೆಯಲ್ಲಿ ಉಂಡರು. ಕರೆಯದ ಜನವೂ ಉಂಡರು. ಅನ್ನ ಎರಡು ಸಲ ಇಟ್ಟರು. ಕೃಷ್ಣಾಬಾಯಿ ಗಂಡನ ಎಲೆಗೆ ತುಪ್ಪ ಬಡಿಸಲಿಲ್ಲ.

ಮುಂದಿನ ಭಾನುವಾರ ಆನಂದಕುಮಾರ ಸಿಕಂದರಾಬಾದಿನಿಂದ ಹನ್ನೆರಡು ತಾಟು ಹೊತ್ತು ತಂದು, ಉಪ್ಪಲ್‌ನ ವೆಲ್ಡಿಂಗ್ ಅಂಗಡಿಯಲ್ಲಿ ಇಳಿಸಿ, ಅವುಗಳ ಮೇಲಿನ ಪೇಪರ್ ತಾನೇ ಬಿಚ್ಚಿಕೊಟ್ಟ.